ಅತ್ತಿಯ ಅಂಗೈ

ನಮ್ಮ ಅತ್ತಿಯ ಹುಬ್ಬುಗಳು ಬೆಳ್ಳಗಿದ್ದವು. ವಯಸ್ಸಿನಿಂದಲ್ಲ, ನೂಲಿನ ಧೂಳಿನಿಂದ. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ದಿನವಿಡೀ ಹಾರಾಡುವ ಅರಳೆಯ ಎಳೆಗಳು ಆಕೆಯ ಹುಬ್ಬಿನಲ್ಲಿ, ರೆಪ್ಪೆಯಲ್ಲಿ, ಮೇಲ್ದುಟಿಯ ಸಣ್ಣ ರೋಮದಲ್ಲಿ ಬಂದು ಕೂತುಬಿಡುತ್ತಿದ್ದವು. ಮುಂಜಾನೆ ಸ್ನಾನ ಮುಗಿಸಿ ಹಣೆಗೆ ವಿಭೂತಿ ಎಳೆದುಕೊಂಡು ಬಂದಳೆಂದರೆ ಹುಬ್ಬು ಕಪ್ಪಗೆ ಹೊಳೆಯುತ್ತಿದ್ದವು, ಬೇರೆ ಯಾರೋ ಹೆಂಗಸು ಮನೆಗೆ ಬಂದ ಹಾಗೆ ಕಾಣುತ್ತಿತ್ತು. ಮಧ್ಯಾಹ್ನಕ್ಕೆ ಮತ್ತೆ ಮುದುಕಿ. ನಾನು ಆ ಮನೆಗೆ ಇರಲು ಹೋದ ಮರುದಿನ ಮುಂಜಾನೆ ಆಕೆಯ ಗುರುತು ಹಿಡಿಯದೆ, "ಅತ್ತಿ ಎಲ್ಲಿ ಹೋಗ್ಯಾಳ್ರಿ?" ಎಂದು ಆಕೆಯನ್ನೇ ಕೇಳಿದ್ದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಕಿ ಡಾಕ್ಟರ ಆಗಾಕಿ!" ಎಂದು ಸೊಸೆಯ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅತ್ತಿ ಅಂದರೆ ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಮಗ ಸೊಸೆಯರ ಜೊತೆ ತಾನೇ ನಿಂತು ಮಗ್ಗ ನಡೆಸಿದವಳು. ನಮ್ಮದು ಮಹಾರಾಷ್ಟ್ರದ ಗಡಿಯ ಗಡಹಿಂಗ್ಲಜ. ಅಪ್ಪನದು ಒಣಮೆಣಸಿನಕಾಯಿ ವ್ಯಾಪಾರ, ಮನೆಯಲ್ಲಿ ಒಬ್ಬರಾದರೂ ಸೀನದ ಗಳಿಗೆ ಇರುತ್ತಿರಲಿಲ್ಲ. ಹತ್ತನೆಯದನ್ನು ಊರಲ್ಲೇ ಮರಾಠಿ ಶಾಲೆಯಲ್ಲಿ ಮುಗಿಸಿ, ಡಾಕ್ಟರ್ ಆಗುತ್ತೇನೆಂದು ಹಟ ಹಿಡಿದು, ಹನ್ನೊಂದು ಹನ್ನೆರಡನೆಯ ವಿಜ್ಞಾನಕ್ಕೂ ನೀಟ್ ಪರೀಕ್ಷೆಯ ಕ್ಲಾಸಿಗೂ ಅಂತ ಇಚಲಕರಂಜಿಗೆ ಬಂದಿದ್ದೆ. ಮನೆಯಲ್ಲಿ ಆಡುವುದು ಕನ್ನಡ, ಕಲಿತದ್ದು ಮರಾಠಿ, ಈಗ ಪುಸ್ತಕ ನೋಡಿದರೆ ಇಂಗ್ಲಿಷು. ಮೊದಲ ತಿಂಗಳು ಕ್ಲಾಸಿನಲ್ಲಿ ನನ್ನ ಸ್ಥಿತಿ ಸಂತೆಯಲ್ಲಿ ತಪ್ಪಿಸಿಕೊಂಡ ಕೂಸಿನದು.

ಅತ್ತಿಯ ಕಿವಿ ಕೇಳುತ್ತಿರಲಿಲ್ಲ. ಪೂರಾ ಕಿವುಡಿ ಅಲ್ಲ, ಆದರೆ ಹರೆಯದಿಂದ ಮಗ್ಗದ ಖಟಾಖಟಿಯಲ್ಲೇ ಇದ್ದವಳಿಗೆ ಸಣ್ಣ ಮಾತು ಮುಟ್ಟುತ್ತಿರಲಿಲ್ಲ. ನಾನು ಮೂಲೆಯಲ್ಲಿ ಕೂತು ತುಟಿ ಪಿಟಿಪಿಟಿ ಮಾಡುತ್ತ ಓದುವುದು ಕಂಡರೆ ಆಕೆಗೆ ಸಿಟ್ಟು ಬರುತ್ತಿತ್ತು.

"ಏನ ಓದಾಕತ್ತಿ?"

"ಜೀವಶಾಸ್ತ್ರ, ಅತ್ತಿ."

"ಹಂಗ ಬಾಯಾಗ ಗುಣಗುಣ ಅಂದ್ರ ನಿನಗರ ತಿಳೀತೈತೇನ? ಏಳು. ನಿಂತ ನನಗ ಹೇಳ. ಜೋರ್ ಹೇಳ!"

ಅಲ್ಲಿಂದ ಅದು ಆ ಮನೆಯ ಪದ್ಧತಿಯೇ ಆಯಿತು. ಆಕೆ ಮಗ್ಗದ ಲಾಳಿಗೆ ಹಾಕುವ ಕಾಂಡಿಗಳಿಗೆ ನೂಲು ಸುತ್ತುತ್ತ ಕೂಡುವಳು. ನಾನು ಎದುರು ನಿಂತು, ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಒದರಬೇಕು. ಒದರಬೇಕು ಅಂದರೆ ಸುಮ್ಮನೆ ಅಂದ ಮಾತಲ್ಲ, ನಿಜವಾಗಿ ಒದರಬೇಕು, ಕೊರಳಿನ ನರ ಉಬ್ಬುವ ಹಾಗೆ. ಆಕೆಗೆ ತಿಳಿಯದಿದ್ದರೆ ಕಾಂಡಿ ನಿಲ್ಲುತ್ತಿತ್ತು. ಅಂದರೆ ನನಗೂ ತಿಳಿದಿಲ್ಲ ಎಂದು ಅರ್ಥ. ಎಷ್ಟೋ ಪಾಠ ನನಗೆ ಅರ್ಥವಾಗಿದ್ದು ಕ್ಲಾಸಿನಲ್ಲಲ್ಲ, ಆ ಕಾಂಡಿಯ ಮುಂದೆ.

ಪ್ರಶ್ನೆ ಬೇರೆ ಕೇಳುತ್ತಿದ್ದಳು. "ಮೂತ್ರಪಿಂಡ ಎರಡ ಯಾಕ ಕೊಟ್ಟಾನ ಶಿವಾ?"

"ಒಂದ ಕೆಟ್ರ ಇನ್ನೊಂದ ಇರಲಿ ಅಂತ."

"ಹಂಗಾರ ಹೃದಯ ಯಾಕ ಒಂದ ಕೊಟ್ಟಾನ? ಅಲ್ಲೆ ಯಾಕ ಜುಗ್ಗತನಾ ಮಾಡ್ಯಾನ?"

ಉತ್ತರಕ್ಕೆ ಪುಸ್ತಕದ ಪುಟ ತಿರುವಿದೆ. ಈಗಲೂ ತಿರುವುತ್ತಿದ್ದೇನೆ.

ಸಂತಾನೋತ್ಪತ್ತಿಯ ಪಾಠ ಬಂದ ದಿನದ ಫಜೀತಿ ಏನು ಹೇಳಲಿ. ನಾನು ಮೆಲ್ಲಗೆ ಶುರು ಮಾಡಿದೆ. "ಕೇಳಸವಲ್ದು!" ಎಂದಳು. ಸ್ವಲ್ಪ ಏರಿಸಿದೆ. "ಇನ್ನೂ ಜೋರ್!" ನನಗೂ ರೇಗಿತು. ಸರಿ, ನಿನ್ನ ಹಣೆಬರಹ ಎಂದುಕೊಂಡು ಗಂಡಸಿನ ಅಂಗಾಂಗಗಳನ್ನೆಲ್ಲ ಒಂದೊಂದಾಗಿ ಹೆಸರು ಹಿಡಿದು ಕೂಗಿದೆ. ಅದೇ ಹೊತ್ತಿಗೆ ಕರೆಂಟು ಹೋಗಬೇಕೆ! ಓಣಿಯ ಮಗ್ಗಗಳೆಲ್ಲ ಗಪ್ಪಾದವು. ನನ್ನ ದನಿಯೊಂದೇ ಈ ತುದಿಯಿಂದ ಆ ತುದಿಯವರೆಗೆ. ಕನ್ನಡ ತಿಳಿಯುವವರೆಲ್ಲ ಶೆಡ್ಡಿನಿಂದ ಹೊರಗೆ ಬಂದು ನಿಂತರು, ತಿಳಿಯದವರಿಗೆ ಅವರೇ ಮರಾಠಿಯಲ್ಲಿ ಹೇಳಿಕೊಟ್ಟರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಮಗ್ಗ ರಿಪೇರಿಯ ದಾಂಡಿಗನೊಬ್ಬ ಬಾಗಿಲಲ್ಲೇ ನಿಂತು ಹಲ್ಲು ಕಿಸಿಯುತ್ತಿದ್ದ. ಅತ್ತಿ ಎದ್ದು ಹೋಗಿ ಅವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾಕ ನಗತೀಯೋ? ನೀ ಎಲ್ಲಿಂದ ಬಂದೀ? ಮುಗಲಾಗಿಂದ ಉದುರೀಯೇನ?"

ಅವನು ಕಾಲಿಗೆ ಬುದ್ಧಿ ಹೇಳಿದ. ಅತ್ತಿ ಬಂದು ಕೂತು, "ಹೂಂ, ಮುಂದ?" ಎಂದಳು. ಮುಂದಿನದು ಹೆಂಗಸಿನದಿತ್ತು. ಅದನ್ನೂ ಕೂಗಿದೆ.

ಇಷ್ಟೆಲ್ಲ ಕೂಗಿಯೂ, ಹನ್ನೆರಡನೆಯದು ಮುಗಿಸಿ ಮೊದಲ ಸಲ ಬರೆದ ನೀಟ್ ಪರೀಕ್ಷೆಯಲ್ಲಿ ನಾನು ಸೋತೆ. ಸ್ವಲ್ಪದರಲ್ಲಿ ತಪ್ಪಿದ್ದಲ್ಲ, ಸೀಟಿನ ಹತ್ತಿರವೂ ಸುಳಿಯದ ಹಾಗೆ ಸೋತೆ. ಮೊಬೈಲಿನಲ್ಲಿ ಅಂಕ ನೋಡಿದೆ. ಇದು ಬೇರೆ ಯಾರದೋ ಇರಬೇಕೆಂದು ಮತ್ತೆ ಮತ್ತೆ ನಂಬರು ಹಾಕಿ ನೋಡಿದೆ. ನನ್ನದೇ. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳಲಿಲ್ಲ.

ಗಡಹಿಂಗ್ಲಜದಿಂದ ಅಪ್ಪ ಬಂದ. ಬೈಯಲಿಲ್ಲ, ಅದೇ ನನಗೆ ಹೆದರಿಕೆ. ಆಜರಾದ ಕಡೆಯ ಒಳ್ಳೆಯ ಮನೆತನ, ಗೋಡಂಬಿ ಕಾರ್ಖಾನೆ, ಒಬ್ಬನೇ ಮಗ ಎಂದು ಅಕ್ಕನ ಕಿವಿಯ ಹತ್ತಿರ ಬಗ್ಗಿ ಹೇಳಿದ. ಅತ್ತಿ ಪೂರಾ ಕೇಳಿದಳು. "ಒಂದ ವರ್ಷ ಕೊಡ ತಮ್ಮಾ. ಹುಡುಗ ಎಲ್ಲಿ ಓಡಿ ಹೋಗ್ತಾನ?"

"ಒಂದ ವರ್ಷ ಕೊಡ್ತೇನಿ ಅಕ್ಕಾ. ಆಮ್ಯಾಲ ನೀನೂ ಅಡ್ಡ ಬರಬಾರದ, ಆಕೀನೂ ಅಳಬಾರದ," ಎಂದ ಅಪ್ಪ. ಆಗಲಿ ಎಂದಳು.

ಇನ್ನು ಒಂದೇ ವರ್ಷ. ಬೇರೆ ಯಾರಾದರೂ ಆಗಿದ್ದರೆ ಅಂದೇ ನನ್ನನ್ನು ಎಬ್ಬಿಸಿ ಪುಸ್ತಕದ ಮುಂದೆ ಕೂಡಿಸುತ್ತಿದ್ದರು. ಅಪ್ಪನ ಬಸ್ಸು ಹೋದದ್ದೇ ತಡ, ಅತ್ತಿ ಒಳಗೆ ಬಂದು ನನ್ನ ಪುಸ್ತಕಗಳನ್ನೆಲ್ಲ ಬಾಚಿ ತನ್ನ ಟ್ರಂಕಿಗೆ ಹಾಕಿ, ಕೀಲಿ ಜಡಿದು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ದಂಗಾಗಿ ಎದ್ದು ಕೂತೆ.

"ಅತ್ತಿ! ಏನ ಮಾಡಾಕತ್ತಿ?"

"ಹಸಿವಿ ಇಲ್ಲದ ಉಂಡದ್ದು ಮೈಗೆ ಹತ್ತೂದಿಲ್ಲ. ನೀ ಅಪ್ಪನ ಅಂಜಿಕಿಗಿ ಓದಾಕಿ. ಬ್ಯಾಡ. ಹಸಿವಿ ಆದ್ರ ಕೇಳ, ತಗದ ಕೊಡ್ತೇನಿ. ನಾಳಿಂದ ಮಗ್ಗಕ್ಕ ಬಾ."

ಕಣ್ಣೀರು ಹಾಕಿದೆ, ಕೂಗಾಡಿದೆ, ಗೋಗರೆದೆ. ಕೇಳಿಸಲಿಲ್ಲ ಎಂದು ಕೈ ಆಡಿಸಿದಳು. ಕ್ಲಾಸಿನ ಹುಡುಗಿಯರೆಲ್ಲ ಮುಂದೆ ಮುಂದೆ ಹೋಗುತ್ತಿದ್ದರೆ ನಾನು ಶೆಡ್ಡಿನಲ್ಲಿ ಕಡಿದ ಎಳೆ ಹುಡುಕುತ್ತ ನಿಂತೆ. ಅಲ್ಲಿ ಆಕೆಯದು ಒಂದೇ ಮಂತ್ರ. "ಎಳಿ ಕಡೀತು, ಮಗ್ಗ ನಿಂದರಸು. ಗಂಟ ಹಾಕು, ಚಾಲೂ ಮಾಡು. ಯಾಕ ಕಡೀತು ಅಂತ ಎಳಿಗಿ ಕೇಳ್ಕೋತ ಕುಂತ್ರ ಅರಿವಿ ಆಗೂದಿಲ್ಲ." ಬೆರಳ ತುದಿ ಒರಟಾದವು, ನನ್ನ ಹುಬ್ಬೂ ಬೆಳ್ಳಗಾದವು. ಈ ಮುದುಕಿಗೆ ತಲೆ ಕೆಟ್ಟಿದೆ, ನನ್ನ ಬಾಳು ಹಾಳು ಮಾಡುತ್ತಾಳೆ ಎಂದು ನನಗೆ ನಿಜವಾಗಿ ಭಯವಾಯಿತು.

ಹೀಗೇ ಒಂದು ಮಧ್ಯಾಹ್ನ ಕಾಂಡಿ ಸುತ್ತುತ್ತ ಕೂತಿದ್ದೆ. ಯಾರೂ ಕೇಳಿರಲಿಲ್ಲ. ನನ್ನಷ್ಟಕ್ಕೆ ನಾನೇ, ಹೃದಯದ ಕವಾಟಗಳು ರಕ್ತವನ್ನು ಒಂದೇ ಕಡೆ ಬಿಟ್ಟು ಹಿಂದಕ್ಕೆ ಬರದಂತೆ ಹೇಗೆ ಮುಚ್ಚಿಕೊಳ್ಳುತ್ತವೆ ಎಂದು ಅತ್ತಿಗೆ ಹೇಳತೊಡಗಿದೆ. ಹೇಳುತ್ತ ಹೇಳುತ್ತ ಒಂದು ಕಡೆ ಸಿಕ್ಕಿಕೊಂಡೆ. ಮುಂದಿನದು ನೆನಪಾಗಲಿಲ್ಲ. ನೋಡಬೇಕು, ಈಗಲೇ ನೋಡಬೇಕು ಎಂದು ಜೀವ ಚಡಪಡಿಸಿತು. ಮುಖ ಎತ್ತಿದರೆ ಅತ್ತಿ ನನ್ನ ಮುಂದೆ ಕೀಲಿಕೈ ಹಿಡಿದು ನಿಂತಿದ್ದಳು.

"ಹಸಿವಿ ಆತೇನ?" ಎಂದಳು. ನಾನು ಕಸಿದುಕೊಂಡು ಓಡಿದೆ.

ಆ ವರ್ಷ ನಾನು ಓದಿದ್ದು ಬೇರೆ ರೀತಿ. ಬೇಸರ ಬರಲಿಲ್ಲ ಎಂದಲ್ಲ, ಬಂದಾಗ ಪುಸ್ತಕ ಮುಚ್ಚಿ ಶೆಡ್ಡಿಗೆ ಹೋಗುತ್ತಿದ್ದೆ, ಹಸಿವಾದಾಗ ವಾಪಸು ಬರುತ್ತಿದ್ದೆ.

ಇನ್ನು ಆ ದಿನದ ಮಾತು. ಪರೀಕ್ಷೆಯ ಕೇಂದ್ರ ಕೊಲ್ಲಾಪುರದ ಒಂದು ಕಾಲೇಜಿನಲ್ಲಿ ಬಂದಿತ್ತು. ಜೊತೆಗೆ ಬರುವವಳು ನಾನೇ ಎಂದು ಅತ್ತಿ ಮಗನನ್ನೂ ಬಿಟ್ಟು ಹೊರಟಳು. ಒಳಗೆ ಬಿಡುವ ಮೊದಲು ಮೈ ತಪಾಸಣೆ ಮಾಡುತ್ತಾರೆ, ಲೋಹದ್ದೇನೂ ಇರಬಾರದು ಎಂದು ಗೊತ್ತಿತ್ತು. ಹಿಂದಿನ ವರ್ಷ ನನ್ನ ಕೇಂದ್ರದಲ್ಲಿ ಕಣ್ಣಿಗೆ ಕಾಣುವುದನ್ನಷ್ಟೇ ನೋಡಿ ಬಿಟ್ಟಿದ್ದರು, ಈ ವರ್ಷ ಬಿಗಿ ಎಂದು ಕ್ಲಾಸಿನಲ್ಲಿ ಹೇಳಿದ್ದರು. ಅತ್ತಿ ಮುಂಜಾನೆ ತಾನೇ ನನ್ನನ್ನು ಎದುರು ನಿಲ್ಲಿಸಿಕೊಂಡು ಬಿಚ್ಚಿಸಿದಳು. ಕಿವಿಯೋಲೆ, ಮೂಗಿನ ಚುಕ್ಕಿ, ಬಳೆ, ಕಾಲ್ಗೆಜ್ಜೆ, ತಲೆಯ ಪಿನ್ನು. ಅಂಗಿಯ ಗುಂಡಿಯನ್ನೂ ಚಿವುಟಿ ನೋಡಿ ಪ್ಲಾಸ್ಟಿಕ್ಕು ಎಂದು ಖಾತ್ರಿ ಮಾಡಿಕೊಂಡಳು. "ಸೂಜಿ ಮೊನಿಯಷ್ಟ ಸಿಕ್ರ ನನ್ನ ಹೆಸರ ಬದಲ ಮಾಡ" ಎಂದು ಸೊಸೆಯ ಮುಂದೆ ಜಂಬ ಕೊಚ್ಚಿದಳು.

ಗೇಟಿನಲ್ಲಿ ತಪಾಸಣೆಯ ಹುಡುಗಿ ನನ್ನ ಮೈಮೇಲೆ ಯಂತ್ರ ಆಡಿಸಿದಳು. ಎದೆಯ ಹತ್ತಿರ ಬಂದದ್ದೇ ಅದು ಕೀಂಯ್ ಎಂದಿತು. ಕೈಯಿಂದ ಮುಟ್ಟಿ ನೋಡಿ, ಇದೇನು ಎಂದು ಮರಾಠಿಯಲ್ಲಿ ಕೇಳಿದಳು.

ನನ್ನ ಕೊರಳಲ್ಲಿ ಇಷ್ಟಲಿಂಗ ಇತ್ತು, ಬೆಳ್ಳಿಯ ಕರಡಿಗೆಯಲ್ಲಿ.

ನಗಬೇಡಿ. ಕೂಸು ಹುಟ್ಟುತ್ತಲೇ ನಮ್ಮಲ್ಲಿ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಸ್ನಾನಕ್ಕೂ ಬಿಚ್ಚಿಡುವುದಿಲ್ಲ, ನಿದ್ದೆಗೂ ಬಿಚ್ಚಿಡುವುದಿಲ್ಲ. ಪೂಜೆಗೆ ಅಂಗೈಗೆ ಬರುತ್ತದೆ, ಮತ್ತೆ ಎದೆಗೆ ಹೋಗುತ್ತದೆ. ಲಿಂಗ ಮೈ ಬಿಟ್ಟರೆ ಜೀವ ಬಿಟ್ಟಂತೆ ಎಂದು ಕೇಳಿಯೇ ಬೆಳೆದವರು ನಾವು. ಸೂಜಿಯ ಮೊನೆ ಹುಡುಕಿದ ಅತ್ತಿಗಾಗಲಿ ನನಗಾಗಲಿ ಅದು ಹೊಳೆಯಲೇ ಇಲ್ಲ, ಏಕೆಂದರೆ ಅದನ್ನು ನಾವು ಹಾಕಿಕೊಂಡದ್ದು ಎಂದು ಯಾವತ್ತೂ ಎಣಿಸಿದವರೇ ಅಲ್ಲ. ಮನೆ ಬಿಡುವಾಗ ಕಿವಿ ಬಿಚ್ಚಿಟ್ಟೆಯಾ ಎಂದು ಯಾರಾದರೂ ಕೇಳುತ್ತಾರೆಯೇ?

ಪಾಪ, ಆ ಹುಡುಗಿಯದೇನೂ ತಪ್ಪಿಲ್ಲ. ಧರ್ಮದ ವಸ್ತು ಇದ್ದವರು ಮೊದಲೇ ತಿಳಿಸಿ ಬೇಗ ಬರಬೇಕಿತ್ತು, ಈಗ ತನ್ನ ಕೈಯಲ್ಲಿ ಏನೂ ಇಲ್ಲ, ಬಿಚ್ಚಿ ಮನೆಯವರ ಹತ್ತಿರ ಕೊಟ್ಟು ಬಾ, ಬಾಗಿಲು ಹಾಕುವ ಹೊತ್ತಾಯಿತು ಎಂದಳು. ನಾನು ಎರಡೂ ಕೈಯಿಂದ ಕರಡಿಗೆ ಗಟ್ಟಿಯಾಗಿ ಹಿಡಿದುಕೊಂಡೆ. ಪರೀಕ್ಷೆಯೂ ಬೇಡ, ಡಾಕ್ಟರಿಕೆಯೂ ಬೇಡ, ಆಜರಾದ ಗೋಡಂಬಿಯೇ ನನ್ನ ಹಣೆಯಲ್ಲಿ ಬರೆದಿದೆ ಎಂದುಕೊಂಡು ಹಗ್ಗ ಕಟ್ಟಿದ ಕಡೆ ಓಡಿ ಬಂದೆ. ಹಗ್ಗದ ಆಚೆ ತಂದೆತಾಯಿಗಳ ಗುಂಪು, ಮುಂದೆಯೇ ಅತ್ತಿ.

"ಲಿಂಗ ತಗಿ ಅಂತಾರ, ಅತ್ತಿ!" ಎಂದು ಒದರಿದೆ. ಗುಂಪೆಲ್ಲ ತಿರುಗಿ ನೋಡಿತು.

ಅತ್ತಿ ಹಗ್ಗಕ್ಕೆ ಮೈ ಒತ್ತಿ ನಿಂತಳು. ಇನ್ನು ನೋಡಿ ಮಜಾ, ಈ ಗೇಟು ಕಿತ್ತು ಕೈಗೆ ಕೊಡುತ್ತಾಳೆ ಎಂದುಕೊಂಡೆ. ಯಾರೆಂದುಕೊಂಡಿರಿ ಆಕೆಯನ್ನು? ಲಿಂಗಪೂಜೆಯಾಗದೆ ಹನಿ ನೀರು ಗಂಟಲಿಗಿಳಿಸದವಳು. ಜ್ವರ ಬಂದು ಮೈ ಸುಡುವಾಗಲೂ ಪೂಜೆ ಮುಗಿಯುವವರೆಗೆ ಗುಳಿಗೆ ಮುಟ್ಟದವಳು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದೆಂದು ನನಗೆ ಕಲಿಸಿದವಳೇ ಆಕೆ.

ಆಕೆ ಹಗ್ಗದ ಮೇಲಿಂದ ತನ್ನ ಎಡಗೈ ಚಾಚಿದಳು.

"ತಾ. ನನ್ನ ಅಂಗೈಯಾಗ ಇಡ."

"ಅತ್ತಿ, ಬ್ಯಾಡ..."

"ನೆಲಕ್ಕ ಇಡ ಅಂದೇನ? ಕಿಸೇದಾಗ ಹಾಕ ಅಂದೇನ? ನನ್ನ ಅಂಗೈಯಾಗ ಇಡ ಅಂದೆ. ಲಗೂನ. ಬಾಗಲಾ ಹಾಕ್ತಾರ."

ನನ್ನಿಂದ ಗಂಟು ಬಿಚ್ಚಲಾಗಲಿಲ್ಲ. ಆಕೆಯೇ ಬಲಗೈ ನನ್ನ ಕೊರಳ ಹಿಂದೆ ಹಾಕಿ ಒಂದೇ ಎಳೆತಕ್ಕೆ ಬಿಚ್ಚಿದಳು, ಎಷ್ಟೆಂದರೂ ನೂಲಿನ ಕೈ. ಲಿಂಗ ಆಕೆಯ ಎಡ ಅಂಗೈಗೆ ಬಂತು. "ಹೋಗ" ಎಂದಳು. ನಾನು ಹೋದೆ. ಹೋದದ್ದು ನಾನೋ ನನ್ನ ಕಾಲುಗಳೋ ಗೊತ್ತಿಲ್ಲ.

ಒಳಗೆ ಕೂತ ಮೇಲೂ ನನ್ನ ಕೈ ತಾನಾಗಿ ಎದೆಗೆ ಹೋಗುವುದು, ಅಲ್ಲಿ ಏನೂ ಇಲ್ಲದೆ ಬೆಚ್ಚುವುದು. ಆದರೆ ಒಂದು ವಿಚಿತ್ರ. ಜೀವ ಹೊರಗೆ ಅತ್ತಿಯ ಕೈಯಲ್ಲಿ ಕ್ಷೇಮವಾಗಿದೆ, ಇನ್ನು ಇಲ್ಲಿ ಕಳೆದುಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ ಎನ್ನುವ ಮೊಂಡುಧೈರ್ಯ ಬಂದುಬಿಟ್ಟಿತು. ಪ್ರಶ್ನೆ ಓದುತ್ತಿದ್ದ ಹಾಗೆ ಉತ್ತರಗಳು ಕನ್ನಡದಲ್ಲಿ, ನನ್ನದೇ ದೊಡ್ಡ ದನಿಯಲ್ಲಿ ತಲೆಯೊಳಗೆ ಕೇಳಿಸತೊಡಗಿದವು.

ಹೊರಗೆ ಬಂದಾಗ ಮೇ ತಿಂಗಳ ಬಿಸಿಲು ಇನ್ನೂ ಇಳಿದಿರಲಿಲ್ಲ. ಎದುರಿನ ಕಟ್ಟೆಯ ಮೇಲೆ ಅತ್ತಿ ಪದ್ಮಾಸನ ಹಾಕಿ ಕೂತಿದ್ದಳು. ಎಡ ಅಂಗೈ ಎದೆಯ ಮಟ್ಟಕ್ಕೆ, ಅದರಲ್ಲಿ ನನ್ನ ಲಿಂಗ, ದೃಷ್ಟಿ ಅದರ ಮೇಲೆ. ಸೆರಗು ಜಾರಿ ನೆತ್ತಿ ಸುಡುತ್ತಿತ್ತು, ತುಟಿ ಒಡೆದಿತ್ತು. ಪಕ್ಕದಲ್ಲಿ ಯಾರೋ ಇಟ್ಟುಹೋದ ನೀರಿನ ಬಾಟಲಿ ಮುಚ್ಚಳ ತೆಗೆಯದೆ ಹಾಗೇ ಇತ್ತು. ಮುಂಬೈಯಿಂದ ಮಗನನ್ನು ಕರೆತಂದಿದ್ದ ಹೆಂಗಸೊಬ್ಬಳು ನನ್ನನ್ನು ಕಂಡು, "ನಿನ್ನ ಅಜ್ಜಿಗೆ ಏನಾಗಿದೆ? ಆಗಿನಿಂದ ಕದಲಿಲ್ಲ, ಮಾತಿಲ್ಲ" ಎಂದು ಗಾಬರಿಯಿಂದ ಮರಾಠಿಯಲ್ಲಿ ಹೇಳಿದಳು. ಹತ್ತಿರ ಹೋಗಿ ಕೂಗಿದೆ. ಅತ್ತಿ ನಿಧಾನಕ್ಕೆ ಮುಖ ಎತ್ತಿ, ಲಿಂಗವನ್ನು ನನ್ನ ಕೊರಳಿಗೆ ಕಟ್ಟಿ ಗಂಟು ಬಿಗಿದ ಮೇಲೆಯೇ ಬಾಟಲಿಗೆ ಕೈ ಹಾಕಿದಳು.

"ನೀರರ ಕುಡೀಬೇಕಲ್ಲ ಅತ್ತಿ! ಬಿದ್ದಿದ್ರ?"

"ಪೂಜಿ ನಡದಿತ್ತವ್ವಾ. ಪೂಜಿ ನಡುವ ಯಾರರ ನೀರ ಕುಡಿತಾರೇನ?"

ಆ ಸಂಜೆಯೇ ಅಪ್ಪ ಇಚಲಕರಂಜಿಗೆ ಬಂದ. ನಾನು ನಡೆದದ್ದನ್ನು ಹೇಳಿದೆ. ಅಪ್ಪ ಕೂತವನು ಎದ್ದು ನಿಂತ. ಹುಟ್ಟಿದಾಗಿನಿಂದ ಅಕ್ಕನಿಗೆ ಎದುರಾಡದವನು ಅವತ್ತು ಕಿರುಚಿದ. "ಲಿಂಗ ತಗದ ಬರದ ಪರೀಕ್ಷಾ ನಮಗ ಬ್ಯಾಡ ಅಕ್ಕಾ! ನೀನರ ತಿಳದಾಕಿ! ಮೈಮ್ಯಾಲಿನ ಲಿಂಗ ತಗಸಿದಿ?"

ಅತ್ತಿಗೆ ಎಲ್ಲವೂ ಕೇಳಿಸಿತ್ತು. ತಟ್ಟೆಯಲ್ಲಿದ್ದ ಭಕ್ಕರಿ ಮುರಿಯುತ್ತ, ದನಿ ಏರಿಸದೆ ಹೇಳಿದಳು.

"ಎಲ್ಲಿ ತಗಸೇನೋ? ನನ್ನ ಅಂಗೈಯಾಗ ಇತ್ತು. ಆಕಿ ಮೈ ಬ್ಯಾರೆ, ನನ್ನ ಮೈ ಬ್ಯಾರೆ ಏನೋ ತಮ್ಮಾ?"

ಅಪ್ಪ ಮತ್ತೆ ಕೂತುಕೊಂಡ. ಅತ್ತಿ ಸೊಸೆಗೆ ಹೇಳಿ ಅವನ ಮುಂದೆಯೂ ಒಂದು ತಟ್ಟೆ ಇಡಿಸಿದಳು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ. ಇಷ್ಟು ದೊಡ್ಡ ಮಾತನ್ನು ರೊಟ್ಟಿ ಮುರಿಯುತ್ತ ಆಡುವವಳ ಎದುರು ಕೂತು ಉಣ್ಣುವುದು ಹೇಗೆ?

ಸರಕಾರಿ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ಆಜರಾದವರಿಗೆ ಅಪ್ಪನೇ ಫೋನು ಮಾಡಿ ಕೈ ಮುಗಿದ.

ಕಳೆದ ವರ್ಷ, ನಾನು ಎರಡನೆಯ ವರ್ಷದಲ್ಲಿದ್ದಾಗ, ಒಂದು ಮುಂಜಾನೆ ಅತ್ತಿಯ ಸೊಸೆಯ ಫೋನು ಬಂತು. "ಲಗೂನ ಬಾ" ಅಂದಳು, ಅಷ್ಟೇ. ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಮುಟ್ಟಿದೆ. ಓಣಿಯಲ್ಲಿ ಒಂದೂ ಮಗ್ಗ ಓಡುತ್ತಿರಲಿಲ್ಲ.

ಅತ್ತಿ ಜಗಲಿಯ ಗೋಡೆಗೆ ಒರಗಿ ಕೂತಿದ್ದಳು. ಮುಂಜಾನೆ ಪೂಜೆಗೆ ಕೂತವಳು ಹಾಗೇ ಇದ್ದಳಂತೆ. ಅಂಗೈಯಲ್ಲಿ ಲಿಂಗ, ಕಣ್ಣು ಅದರ ಮೇಲೆ, ರೆಪ್ಪೆ ಬಡಿಯದೆ ನೋಡುವುದೇ ಆ ಪೂಜೆಯ ರೀತಿ. ಹೀಗಾಗಿ ಯಾವಾಗ ಹೋದಳೆಂದು ಯಾರಿಗೂ ತಿಳಿಯಲಿಲ್ಲ. ಸೊಸೆ ಚಹಾ ಎರಡು ಸಲ ಬಿಸಿ ಮಾಡಿದ್ದಳಂತೆ. ಓಣಿಯ ಡಾಕ್ಟರು ಬಂದು ನೋಡಿ ಮುಗಿಯಿತು ಎಂದು ಹೇಳಿ ಹೋಗಿದ್ದರು. ಆದರೂ ಯಾರೂ ಅತ್ತಿರಲಿಲ್ಲ, ಯಾರೂ ಹೂವು ತಂದಿರಲಿಲ್ಲ, ಅಯ್ಯನವರು ಬಾಗಿಲಲ್ಲೇ ಕಾದು ಕೂತಿದ್ದರು. ಮನೆಯ ತುಂಬ ಜನ. ನನ್ನನ್ನು ಕಂಡು ಎಲ್ಲರೂ ದಾರಿ ಬಿಟ್ಟರು.

ಅಪ್ಪ ಬಂದು ನನ್ನ ಭುಜ ಹಿಡಿದ. "ನೀ ನೋಡವ್ವಾ. ಅಕ್ಕ ಹೇಳಿಟ್ಟಾಳ. ನನ್ನ ಜೀವ ಹೋತಂತ ನಮ್ಮ ಡಾಕ್ಟರ ಹೇಳಬೇಕ, ಬ್ಯಾರೆ ಯಾರರ ಹೇಳಿದ್ರ ಎದ್ದ ಕೂಡ್ತೇನಿ ಅಂದಿದ್ಲು."

"ಅಪ್ಪಾ, ನಾ ಇನ್ನೂ ಕಲಿಯಾಕಿ..."

"ನೀ ನೋಡ" ಎಂದ.

ಎದುರು ಮೊಳಕಾಲೂರಿ ಕೂತೆ. ಅದುವರೆಗೆ ನಾನು ನಾಡಿ ನೋಡಿದ್ದು ಗೆಳತಿಯರದ್ದು, ನಗುತ್ತ. ದವಡೆಯ ಕೆಳಗೆ ಎರಡು ಬೆರಳಿಟ್ಟೆ. ಮೈ ತಣ್ಣಗಿತ್ತು. ನನ್ನದೇ ಬೆರಳು ಅದುರುವುದು ಆಕೆಯ ನಾಡಿಯ ಹಾಗೆ ಅನ್ನಿಸಿ ಒಂದು ಕ್ಷಣ ಆಸೆಯಿಂದ ಉಸಿರು ಹಿಡಿದೆ. ಮೊಬೈಲಿನ ಬೆಳಕು ಕಣ್ಣಿಗೆ ಹಿಡಿದೆ. ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದೆ, ಬೇಕಾದ್ದಕ್ಕಿಂತ ಬಹಳ ಹೊತ್ತು. ಹಿಂದೆ ಇಡೀ ಮನೆ ನನ್ನ ಬೆನ್ನು ನೋಡುತ್ತ ನಿಂತಿತ್ತು.

ಎದ್ದು ನಿಂತು ಹೇಳಿದೆ. "ಅತ್ತಿ ಹೋಗ್ಯಾಳ."

ಸೊಸೆ ಮೊದಲು ಅತ್ತಳು, ಆಮೇಲೆ ಮನೆಯೆಲ್ಲ. ಅಪ್ಪ ಕಣ್ಣೊರೆಸಿಕೊಂಡು ಬಾಗಿಲಲ್ಲಿ ಕಾದಿದ್ದ ಅಯ್ಯನವರ ಕಡೆ ತಿರುಗಿ ಕೈ ಮುಗಿದ.

"ಡಾಕ್ಟರ ಹೇಳ್ಯಾರ್ರಿ," ಎಂದ. "ಇನ್ನ ಮುಂದಿನ ಕೆಲಸಾ ಚಾಲೂ ಮಾಡ್ರಿ."

ಯಾವ ಡಾಕ್ಟರು ಬಂದರೆಂದು ನಾನು ಹಿಂದೆ ತಿರುಗಿ ನೋಡಿದೆ.